ಲಿಚೆಸ್ ಕರೆಸ್ಪಾಂಡೆನ್ಸ್ ಚೆಸ್: ಎಲ್ಲಾ ಫ್ರೀ, ರಜೆ ಬಟನ್ ಒಂದು ಮಾತ್ರ ಇಲ್ಲ

ಕೆಲವೇ ನಿಮಿಷದಲ್ಲಿ ಮುಗಿಯೋ ಬ್ಲಿಟ್ಜ್ ಆಡಿ ಆಡಿ ತಲೆ ಕೆಟ್ಟಿರೋರು ಲಿಚೆಸ್ ಅನ್ನೋ ಚೆಸ್ ಸೈಟ್‌ನ ಕರೆಸ್ಪಾಂಡೆನ್ಸ್ ಗೇಮ್, ಅಂದ್ರೆ ದಿನಗಟ್ಟಲೆ ಟೈಮ್ ತಗೊಂಡು ಆಡೋ ಆಟ, ಒಂದ್ಸಲ ಟ್ರೈ ಮಾಡಿ. ದುಡ್ಡು ಕೊಡಂಗಿಲ್ಲ, ಜಾಹೀರಾತಿನ ಕಾಟ ಇಲ್ಲ, ಒಂದು ಮೂವ್‌ಗೆ 1 ದಿನದಿಂದ 14 ದಿನದವರೆಗೂ ಟೈಮ್ ಇಟ್ಕೋಬಹುದು, ಬಸ್ಸಲ್ಲಿ ಕೂತು ಒಂದು ಮೂವ್, ರಾತ್ರಿ ಊಟ ಆದ್ಮೇಲೆ ಇನ್ನೊಂದು. ಓಪನಿಂಗ್ ಪುಸ್ತಕ ತೆಗೆದು ನೋಡಿದ್ರೂ ತಪ್ಪಲ್ಲ, ಮೂವ್ ಹೇಳಿಕೊಡೋ ಕಂಪ್ಯೂಟರ್ ಪ್ರೋಗ್ರಾಂ, ಅಂದ್ರೆ ಇಂಜಿನ್, ಮಾತ್ರ ಮುಟ್ಟಂಗಿಲ್ಲ.

ತಕರಾರು ಇರೋದು ಗಡಿಯಾರದ ವಿಷಯಕ್ಕೆ. ಇಲ್ಲಿ ಪ್ರತಿ ಮೂವ್‌ಗೂ ಟೈಮ್ ಹೊಸದಾಗಿ ಶುರುವಾಗುತ್ತೆ, ಹತ್ತೇ ನಿಮಿಷದಲ್ಲಿ ಆಡಿದ್ರೂ ಉಳಿದಿದ್ದು ನಿಮ್ಮ ಖಾತೆಗೆ ಜಮಾ ಆಗಲ್ಲ. ಕರೆಸ್ಪಾಂಡೆನ್ಸ್ ಚೆಸ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್‌ನ ಹಳೇ ಪದ್ಧತಿಲಿ 10 ಮೂವ್‌ಗೆ 50 ದಿನ ಅಂತ ಒಟ್ಟಿಗೆ ಕೊಡ್ತಾರೆ, ಸುಮ್ಮನೆ ಎಳೆದಾಡೋನು ತನ್ನ ಟೈಮೇ ತಿಂದ್ಕೋತಾನೆ. ಇಲ್ಲಿ ಎಳೆಯೋದಕ್ಕೆ ಖರ್ಚೇ ಇಲ್ಲ. 14 ದಿನದ ಗೇಮ್‌ನಲ್ಲಿ ಇಬ್ರೂ ಕೊನೇ ಗಳಿಗೆವರೆಗೂ ಕಾದು ಆಡಿದ್ರೆ 40 ಮೂವ್‌ಗೆ 1120 ದಿನ, ಅಂದ್ರೆ ಮೂರು ವರ್ಷದ ಮೇಲೆ, ಅದೂ ರೂಲ್ ಪ್ರಕಾರನೇ!

ನಂಗೆ ಸಿಕ್ಕಿದ್ದ ಒಬ್ಬ ಮಹಾಶಯ ಮೊದಮೊದಲು ಫಟಾಫಟ್ ಆಡ್ತಿದ್ದ, ಕ್ವೀನ್ ಕಳ್ಕೊಂಡಿದ್ದೇ ತಡ ಪಂಚಾಂಗ ನೋಡಿ ಆಡೋಕೆ ಶುರು ಮಾಡಿದ. ಚೆಕ್ ಕೊಟ್ಟಿದೀನಿ, ರಾಜ ಹೋಗೋಕೆ ಇರೋದು ಎಚ್8 ಒಂದೇ ಮನೆ, ಬೇರೆ ಮೂವೇ ಇಲ್ಲ, ಅದಕ್ಕೂ ಪೂರ್ತಿ ಮೂರು ದಿನ ತಗೊಂಡ, ಆ ಮೂರು ದಿನವೂ ಹೆಸರಿನ ಪಕ್ಕ ಹಸಿರು ಚುಕ್ಕಿ ಹೊಳೀತಾ ಇದೆ, ಸಾಹೇಬ್ರು ಒಂದೆರಡು ನಿಮಿಷದ ಬುಲೆಟ್ ಗೇಮ್ ಆಡ್ತಾ ಕೂತಿದಾರೆ. ರಿಸೈನ್ ಮಾಡೋದು ಬಿಡೋದು ಅವನಿಷ್ಟ ಬಿಡಿ, ಆದ್ರೆ ಇದು ಆಟ ಅಲ್ಲ, ಸೇಡು. ಹಂಗಂತ ನಿಜವಾಗ್ಲೂ ಕಷ್ಟದ ಪೊಸಿಷನ್‌ನಲ್ಲಿ ಯೋಚನೆ ಮಾಡ್ತಿರೋರನ್ನ ಚಾಟ್‌ನಲ್ಲಿ "ಬೇಗ ಆಡಿ ಸಾರ್" ಅಂತ ಪೀಡಿಸೋದೂ ಅಸಹ್ಯನೇ, 3 ದಿನ ಅಂತ ಒಪ್ಕೊಂಡೇ ತಾನೇ ಕೂತಿರೋದು.

ಇನ್ನು ರಜೆ. ಚೆಸ್ ಡಾಟ್ ಕಾಮ್ ಸೈಟ್‌ನ ಇಂಥದ್ದೇ ಡೈಲಿ ಗೇಮ್‌ನಲ್ಲಿ ವೆಕೇಶನ್ ಹಾಕಿದ್ರೆ ಗಡಿಯಾರ ನಿಲ್ಲುತ್ತೆ, ಲಿಚೆಸ್‌ನಲ್ಲಿ ಆ ಸೌಲಭ್ಯ ಇಲ್ಲ, ಟೈಮ್ ಮುಗಿದ್ರೆ ಸೋಲು, ಜ್ವರ ಬಂದಿತ್ತು ಅಂದ್ರೂ ಕೇಳೋರಿಲ್ಲ. ಮಲೆನಾಡಿನ ಮನೆಗೆ ಹೋದ್ರೆ ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕಾದ ನನ್ನಂಥೋರಿಗೆ ಇದು ದೊಡ್ಡ ಕೊರತೆ. ಆದ್ರೆ ಸೋಲೋ ಹೊತ್ತಿಗೆ ಸರಿಯಾಗಿ ರಜೆ ಹಾಕಿ ಮಾಯ ಆಗೋ ಆಟ ಇಲ್ಲಿ ನಡೆಯಲ್ಲ, ಅದೊಂದು ನೆಮ್ಮದಿ. ಹಬ್ಬಕ್ಕೆ ಊರಿಗೆ ಹೋಗೋದಿದ್ರೆ ನಾನು 7 ದಿನದ ಗೇಮ್ ಹಾಕ್ತೀನಿ, ಶುರುವಲ್ಲೇ ಚಾಟ್‌ನಲ್ಲಿ "ಈ ವಾರ ಲೇಟಾಗಬಹುದು" ಅಂತ ಒಂದು ಸಾಲು ಹಾಕ್ತೀನಿ, ಗೊತ್ತಿಲ್ಲದೋರೂ "ನಿಧಾನಕ್ಕೆ ಆಡಿ" ಅಂತ ಉತ್ತರ ಕೊಡ್ತಾರೆ. ಸೋಲ್ತಿರುವಾಗ ಇದೇ ಸಾಲು ಹಾಕಿದ್ರೆ ಯಾರೂ ನಂಬಲ್ಲ ಬಿಡಿ.

ಬಹಳ ಜನ ಬಳಸದ ಒಂದು ಸೌಲಭ್ಯ ಕಂಡೀಷನಲ್ ಪ್ರೀಮೂವ್. ಅನಾಲಿಸಿಸ್ ಬೋರ್ಡಿಗೆ ಹೋಗಿ "ಅವನು ನನ್ನ ಕುದುರೆ ಹೊಡೆದ್ರೆ ನಾನು ಪಾನ್‌ನಿಂದ ಹೊಡೀತೀನಿ" ಅಂತ ಮೊದಲೇ ಹಾಕಿಟ್ರೆ ಅದರ ಪಾಡಿಗೆ ಅದು ಆಡುತ್ತೆ, ಎದುರಿನವರು ಒಂದು ರೀಕ್ಯಾಪ್ಚರ್‌ಗೋಸ್ಕರ ಎರಡು ದಿನ ಕಾಯೋದು ತಪ್ಪುತ್ತೆ.

ಐದಕ್ಕೆ ನಾಲ್ಕು ಸ್ಟಾರ್. ಹೊಸಬರು 3 ದಿನದ ಗೇಮ್‌ನಿಂದ ಶುರು ಮಾಡಿ, ಒಟ್ಟಿಗೆ ಮೂರ್ನಾಲ್ಕಕ್ಕಿಂತ ಜಾಸ್ತಿ ಹಾಕ್ಕೋಬೇಡಿ, ಟೈಮ್ ಮಿತಿನೇ ಇಲ್ಲದ ಅನ್‌ಲಿಮಿಟೆಡ್ ಗೇಮ್ ಕಡೆ ತಲೆನೂ ಹಾಕ್ಬೇಡಿ.