ಎರಡನೇ ಮಾನಿಟರ್‌ಗೆ ಯಾವುದು: ಬೋರ್ಡಿನ ಪೋರ್ಟೋ, ಪುಟ್ಟ ಗ್ರಾಫಿಕ್ಸ್ ಕಾರ್ಡೋ, ಯುಎಸ್‌ಬಿ ಅಡಾಪ್ಟರೋ?

ಎಡಗಡೆ ಟ್ಯಾಲಿ, ಬಲಗಡೆ ಎಕ್ಸೆಲ್‌ನಲ್ಲಿ ಚೆಕ್‌ರೋಲ್, ಅಂದರೆ ಕಾರ್ಮಿಕರ ಹಾಜರಿ-ಕೂಲಿ ಪಟ್ಟಿ. ಚಿಕ್ಕಮಗಳೂರಿನ ಎಸ್ಟೇಟ್ ಆಫೀಸುಗಳಲ್ಲಿ ಎರಡನೇ ಮಾನಿಟರ್ ಬೇಕೆನಿಸುವುದು ಇಂಥ ಕೆಲಸಕ್ಕೆ. ಡಿಟಿಪಿ ಅಂಗಡಿಯಲ್ಲಾದರೆ ಒಂದು ಕಡೆ ಸ್ಕ್ಯಾನ್ ಮಾಡಿದ ಹಾಳೆ, ಇನ್ನೊಂದು ಕಡೆ ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶ. ಇದಕ್ಕೆ ಇರುವ ದಾರಿಗಳನ್ನು ಒಂದೇ ಡೆಸ್ಕ್‌ಟಾಪ್‌ನಲ್ಲಿ ಒಂದೊಂದಾಗಿ ಹಾಕಿ ನೋಡಿದ್ದೇವೆ: ಐ5-12400 ಪ್ರೊಸೆಸರ್, ಹಿಂದೆ ಒಂದು ಎಚ್‌ಡಿಎಂಐ, ಒಂದು ವಿಜಿಎ ಪೋರ್ಟ್ ಇರುವ ಮದರ್‌ಬೋರ್ಡ್, 1920×1080ರ 24 ಇಂಚಿನ ಎರಡು ಮಾನಿಟರ್.

ಹೋಲಿಕೆಗೂ ಮೊದಲು ಒಂದನ್ನು ಪಕ್ಕಕ್ಕಿಡಬೇಕು. "ಎರಡು ಮಾನಿಟರ್ ಹಾಕಬೇಕು" ಎಂದರೆ ಎಷ್ಟೋ ಅಂಗಡಿಯಲ್ಲಿ ಎಚ್‌ಡಿಎಂಐ ಸ್ಪ್ಲಿಟರ್ ಕೈಗಿಡುತ್ತಾರೆ. ಅದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುವ ಸಾಧನ. ಕಂಪ್ಯೂಟರ್‌ನ ಲೆಕ್ಕಕ್ಕೆ ಮಾನಿಟರ್ ಇರುವುದು ಒಂದೇ, ಹಾಗಾಗಿ ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಎಂದು ಎಷ್ಟು ಸಲ ಕೊಟ್ಟರೂ ಪರದೆ ಹಿಗ್ಗುವುದಿಲ್ಲ. ಕೌಂಟರ್ ಆಚೆ ನಿಂತ ಗಿರಾಕಿಗೆ ಬಿಲ್ ತೋರಿಸಲು ಸ್ಪ್ಲಿಟರ್ ಸರಿ. ಬೇರೆ ಬೇರೆ ಕೆಲಸ ಬೇರೆ ಬೇರೆ ಪರದೆಯಲ್ಲಿ ಬೇಕೆಂದರೆ ದಂಡ.

ಬೋರ್ಡಿನ ಪೋರ್ಟ್‌ಗಳೇ ನಮ್ಮ ಮೊದಲ ಆಯ್ಕೆ, ಏಕೆಂದರೆ ಖರ್ಚು ಒಂದು ಕೇಬಲ್‌ನದು ಮಾತ್ರ. ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನು ಮೊದಲು ನೋಡಿ. ಇಂಟೆಲ್‌ನಲ್ಲಿ 12400 ಆದರೆ ಒಳಗೇ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇದೆ, 12400ಎಫ್ ಆದರೆ ಇಲ್ಲ. ಎಎಂಡಿಯಲ್ಲಿ ರೈಜನ್ 5600ಜಿಗೆ ಇದೆ, ಬರೀ 5600ಕ್ಕೆ ಇಲ್ಲ. ಇಲ್ಲದ ಪ್ರೊಸೆಸರ್ ಹಾಕಿದ್ದರೆ ಬೋರ್ಡಿನ ಹಿಂದಿನ ಪೋರ್ಟ್‌ಗಳೆಲ್ಲ ಅಲಂಕಾರಕ್ಕೆ.

ನಮ್ಮ ಯಂತ್ರದಲ್ಲಿ ಎಚ್‌ಡಿಎಂಐಗೆ ಒಂದು, ವಿಜಿಎಗೆ ಇನ್ನೊಂದು ಹಾಕಿದ ತಕ್ಷಣ ಎರಡೂ ಬಂದವು. ವ್ಯತ್ಯಾಸ ಕಂಡದ್ದು ಅಕ್ಷರದಲ್ಲಿ. ವಿಜಿಎಯದು ಅನಲಾಗ್ ಸಿಗ್ನಲ್, ಅಂಚುಗಳು ಸ್ವಲ್ಪ ಮಸುಕಾಗುತ್ತವೆ. ಇಂಗ್ಲಿಷ್ ಅಂಕಿ-ಅಕ್ಷರಕ್ಕೆ ಅದು ಗೊತ್ತೇ ಆಗದು, ಕನ್ನಡಕ್ಕೆ ಗೊತ್ತಾಗುತ್ತದೆ. "ರಾಷ್ಟ್ರ", "ಲಕ್ಷ್ಮಿ" ಎಂದು 10 ಪಾಯಿಂಟ್‌ನಲ್ಲಿ ಟೈಪ್ ಮಾಡಿ ಎರಡೂ ಪರದೆಯಲ್ಲಿಟ್ಟು ನೋಡಿ: ವಿಜಿಎ ಕಡೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಮಾನಿಟರ್‌ನ ಆಟೋ ಬಟನ್ ಒತ್ತಿದರೆ ಬಹುಪಾಲು ಸರಿಹೋಗುತ್ತದೆ, ಪೂರ್ತಿ ಅಲ್ಲ. ಪ್ರೂಫ್ ನೋಡುವ ಪರದೆಗೆ ಎಚ್‌ಡಿಎಂಐ ಕೊಡಿ, ಟ್ಯಾಲಿಗೆ ವಿಜಿಎ ಸಾಕು. ವಿಜಿಎ ಪರದೆಯಲ್ಲಿ ತೆಳು ಅಡ್ಡಪಟ್ಟಿಗಳು ನಿಧಾನವಾಗಿ ಮೇಲೆ ಕೆಳಗೆ ಹರಿಯುತ್ತಿದ್ದರೆ ಕೇಬಲ್ ಬದಲಿಸುವ ಮೊದಲು ಪ್ಲಗ್ ನೋಡಿ. ಸಿಪಿಯು ಒಂದು ಗೋಡೆಯ ಸಾಕೆಟ್‌ಗೆ, ಮಾನಿಟರ್ ಇನ್ನೊಂದಕ್ಕೆ ಹೋಗಿದ್ದು ಅರ್ಥಿಂಗ್ ವ್ಯತ್ಯಾಸವಿದ್ದರೆ ಹೀಗಾಗುತ್ತದೆ. ಎರಡನ್ನೂ ಒಂದೇ ಸ್ಪೈಕ್ ಬೋರ್ಡ್‌ಗೆ ತನ್ನಿ.

ಹಳೇ ಮಾನಿಟರ್‌ನಲ್ಲಿ ವಿಜಿಎ ಮಾತ್ರವಿದ್ದು ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಉಳಿದಿದ್ದರೆ ಒಳಗೆ ಚಿಪ್ ಇರುವ ಪರಿವರ್ತಕ ಬೇಕು, ಅದೂ ಒಂದೇ ದಿಕ್ಕಿನದು. ಎಚ್‌ಡಿಎಂಐನಿಂದ ವಿಜಿಎಗೆ ಹೋಗುವುದನ್ನು ತಿರುಗಿಸಿ ಹಾಕಿದರೆ ಪರದೆ ಕಪ್ಪು. ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್‌ನ ಕಥೆಯೂ ಅಷ್ಟೇ: ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರ್ ಕಡೆಗಿರಬೇಕು.

ಮೂರನೇ ಪರದೆ ಬೇಕಾದಾಗ, ಇಲ್ಲವೇ ಎಫ್ ಪ್ರೊಸೆಸರ್ ಇದ್ದಾಗ ಗ್ರಾಫಿಕ್ಸ್ ಕಾರ್ಡ್‌ನ ಮಾತು. ಅಂಗಡಿಗಳಲ್ಲಿ ಇನ್ನೂ ಜಿಟಿ 710 ಸಿಗುತ್ತದೆ, ಬೆಲೆಯೂ ಕಮ್ಮಿ. ಆದರೆ ಸುರಕ್ಷತಾ ತಿದ್ದುಪಡಿ ಬಿಟ್ಟರೆ ಅದಕ್ಕೆ ಹೊಸ ಡ್ರೈವರ್ ಬರುವುದು 2021ರಲ್ಲೇ ನಿಂತಿದೆ, ಬೇಡ. ಜಿಟಿ 1030ಕ್ಕೆ 30 ವ್ಯಾಟ್ ಸಾಕು, ಎರಡು ಪರದೆ ನಡೆಸುತ್ತದೆ. ಎನ್‌ವಿಡಿಯಾ ಟಿ400 ಕೂಡ 30 ವ್ಯಾಟ್‌ನದೇ, ಅದರಲ್ಲಿ ಮೂರು ಮಿನಿ ಡಿಸ್‌ಪ್ಲೇಪೋರ್ಟ್ ಇವೆ. ಕೇಬಲ್ ಕೊಳ್ಳುವಾಗ "ಮಿನಿ" ಎಂಬುದನ್ನು ಮರೆತರೆ ಮತ್ತೊಮ್ಮೆ ಪೇಟೆಗೆ ಹೋಗಬೇಕು. ಎರಡಕ್ಕೂ ಪವರ್ ಸಪ್ಲೈನಿಂದ ಬೇರೆ ವೈರ್ ಬೇಡ. ಸಣ್ಣ ಕ್ಯಾಬಿನೆಟ್ ಆದರೆ ಕಾರ್ಡನ್ನು ಅದಕ್ಕೆ ಬಿಗಿಯುವ ಗಿಡ್ಡ ಲೋಹದ ಪಟ್ಟಿ ಬಾಕ್ಸ್‌ನಲ್ಲಿದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ.

ಹಾಕುವುದು ಹತ್ತು ನಿಮಿಷದ ಕೆಲಸ. ಪವರ್ ಕೇಬಲ್ ಕಿತ್ತು, ಆನ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ. ಉದ್ದದ ಸ್ಲಾಟ್‌ಗೆ ಕಾರ್ಡನ್ನು ನೇರವಾಗಿ ಒತ್ತಿ, ತುದಿಯ ಕ್ಲಿಪ್ ಟಕ್ ಎನ್ನಬೇಕು. ಆಮೇಲೆ ಸ್ಕ್ರೂ. ಅರ್ಧ ಕೂತ ಕಾರ್ಡ್‌ಗೂ ಫ್ಯಾನ್ ತಿರುಗಬಹುದು, ಚಿತ್ರ ಬರುವುದಿಲ್ಲ.

ಕಾರ್ಡ್ ಹಾಕಿದ ಮೇಲೆ ಬೋರ್ಡಿನ ಪೋರ್ಟ್‌ನಲ್ಲಿದ್ದ ಮಾನಿಟರ್ ಕಪ್ಪಾದರೆ ಹೆದರಬೇಡಿ. ಎಷ್ಟೋ ಬೋರ್ಡ್‌ಗಳು ಕಾರ್ಡ್ ಕಂಡ ಕೂಡಲೇ ಒಳಗಿನ ಗ್ರಾಫಿಕ್ಸನ್ನು ಮಲಗಿಸುತ್ತವೆ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್‌ಗೆ) ಹೋಗಿ ಐಜಿಪಿಯು ಮಲ್ಟಿ-ಮಾನಿಟರ್ ಎಂಬುದನ್ನು ಎನೇಬಲ್ ಮಾಡಿ. ಎಂಎಸ್‌ಐ ಬೋರ್ಡ್‌ನಲ್ಲಿ ಇದೇ ಐಜಿಡಿ ಮಲ್ಟಿ-ಮಾನಿಟರ್. ಆಮೇಲೆ ಬೋರ್ಡಿನದು, ಕಾರ್ಡಿನದು ಎಲ್ಲ ಒಟ್ಟಿಗೆ ನಡೆಯುತ್ತವೆ. ಡಿಸ್‌ಪ್ಲೇಪೋರ್ಟ್‌ನ ಒಂದು ಕಿರಿಕಿರಿ ಮಾತ್ರ ಉಳಿಯುತ್ತದೆ: ಮಾನಿಟರ್‌ನ ಬಟನ್ ಆಫ್ ಮಾಡಿದರೆ ವಿಂಡೋಸ್ ಅದನ್ನು ಕಿತ್ತೇ ಹಾಕಿದರು ಎಂದುಕೊಂಡು ಕಿಟಕಿಗಳನ್ನೆಲ್ಲ ಇನ್ನೊಂದು ಪರದೆಗೆ ಸುರಿಯುತ್ತದೆ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಕಿಟಕಿಗಳ ಜಾಗ ನೆನಪಿಡುವ ಟಿಕ್ ಇದೆ, ಹಾಕಿಕೊಳ್ಳಿ.

ಯುಎಸ್‌ಬಿ ಅಡಾಪ್ಟರ್ ನೋಡಲು ಎಲ್ಲಕ್ಕಿಂತ ಸುಲಭ, ಬಳಸಲು ಎಲ್ಲಕ್ಕಿಂತ ತಕರಾರು. ಡಿಸ್‌ಪ್ಲೇಲಿಂಕ್ ಚಿಪ್‌ನವು ಪರದೆಯ ಚಿತ್ರವನ್ನು ಪ್ರೊಸೆಸರ್ ಕೈಲೇ ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತವೆ. ಎಕ್ಸೆಲ್‌ಗೆ ತೊಂದರೆಯಿಲ್ಲ. ವಿಡಿಯೊ ಓಡಿಸಿದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಗೆರೆ ಏರುವುದು ಕಾಣುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್‌ಗೇ ಹಾಕಿ, 2.0ಗೆ ಹಾಕಿದರೆ ಪುಟ ಸರಿಸುವಾಗ ಎಳೆದೆಳೆದು ಬರುತ್ತದೆ. ಡ್ರೈವರ್ ಹಾಕುವವರೆಗೆ ಪರದೆ ಕಪ್ಪು, ಬಯಾಸ್ ಅದರಲ್ಲಿ ಕಾಣುವುದೇ ಇಲ್ಲ. ಬಿಚ್ಚಲು ಬಾರದ ಕ್ಯಾಬಿನೆಟ್, ಪೋರ್ಟ್ ಮುಗಿದ ಮಿನಿ ಪಿಸಿ, ಇಂಥ ಕಡೆ ಮಾತ್ರ ಇದನ್ನು ಒಪ್ಪಬಹುದು.

ಡಿಸ್‌ಪ್ಲೇಪೋರ್ಟ್‌ನಲ್ಲಿ ಒಂದು ಮಾನಿಟರ್‌ನಿಂದ ಮುಂದಿನದಕ್ಕೆ ಸರಪಳಿ ಹಾಕುವ ದಾರಿಯೂ ಇದೆ. ಮೊದಲ ಮಾನಿಟರ್‌ನಲ್ಲಿ ಹೊರಹೋಗುವ ಪೋರ್ಟ್ ಬೇಕು, ಅಗ್ಗದ ಮಾನಿಟರ್‌ಗಳಲ್ಲಿ ಅದಿರುವುದಿಲ್ಲ.

ಎರಡರ ಬದಲು ಒಂದೇ ಅಗಲದ ಮಾನಿಟರ್ ಆಗದೇ? ಲೆಕ್ಕ ಹಾಕಿ. 24 ಇಂಚಿನ ಎರಡು ಅಂದರೆ ಒಟ್ಟು 3840 ಪಿಕ್ಸೆಲ್ ಅಗಲ. 29 ಇಂಚಿನ ಅಗಲದ್ದರಲ್ಲಿ ಸಿಗುವುದು 2560. ಮೂರರಲ್ಲೊಂದು ಪಾಲು ಹೋಯಿತು. 34 ಇಂಚಿನದಾದರೆ 3440×1440, ನಡುವೆ ಅಂಚಿನ ಗೆರೆ ಇಲ್ಲ, ಎತ್ತರವೂ ಹೆಚ್ಚು, ಕಣ್ಣಿಗೆ ಹಿತ. ಬೆಲೆ ಮಾತ್ರ ಎರಡು ಸಾದಾ ಮಾನಿಟರ್‌ಗಿಂತ ಮೇಲೆ ಹೋಗುತ್ತದೆ. ಮೇಜು ಸಣ್ಣದಿದ್ದವರು ಯೋಚಿಸಬಹುದು: 24 ಇಂಚಿನದು ಒಂದೊಂದು ಸುಮಾರು 54 ಸೆಂ.ಮೀ., ಎರಡು ಸೇರಿ 108. ನಾಲ್ಕಡಿ ಮೇಜು 122 ಸೆಂ.ಮೀ., ಎರಡು ಕೂರುತ್ತವೆ, ಮೂರನೆಯದಕ್ಕೆ ಜಾಗವಿಲ್ಲ.

ಯಾವ ದಾರಿ ಹಿಡಿದರೂ ಸೆಟ್ಟಿಂಗ್ ಒಂದೇ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಐಡೆಂಟಿಫೈ ಒತ್ತಿದರೆ ಪರದೆಗಳ ಮೇಲೆ 1, 2 ಮೂಡುತ್ತದೆ. ಮೇಜಿನ ಮೇಲೆ ಹೇಗಿವೆಯೋ ಚೌಕಗಳನ್ನು ಹಾಗೇ ಎಳೆದು ಇಡಿ, ಮೇಲಿನ ಅಂಚು ಸಮ ಮಾಡಿ. ಅಂಚು ಹೆಚ್ಚುಕಮ್ಮಿ ಇದ್ದರೆ ಮೌಸ್ ಮೂಲೆಯಲ್ಲಿ ಗೋಡೆಗೆ ತಗುಲಿದಂತೆ ನಿಲ್ಲುತ್ತದೆ.

ಕರೆಂಟಿನದು ನಮ್ಮ ಕಡೆ ಬೇರೆಯದೇ ಪಾಠ. ಯುಪಿಎಸ್‌ನಲ್ಲಿ ಜಾಗವಿಲ್ಲವೆಂದು ಎರಡನೇ ಮಾನಿಟರನ್ನು ನೇರ ಗೋಡೆಗೆ ಹಾಕುತ್ತಾರೆ. ಕರೆಂಟ್ ಹೋದಾಗ ಆ ಪರದೆ ಕಪ್ಪು, ಸೇವ್ ಆಗದ ಎಕ್ಸೆಲ್ ಅದರೊಳಗೇ. ಆಗ ಟಾಸ್ಕ್‌ಬಾರ್‌ನಲ್ಲಿ ಎಕ್ಸೆಲ್ ಮೇಲೆ ಕ್ಲಿಕ್ ಮಾಡಿ, ವಿಂಡೋಸ್ ಕೀ, ಶಿಫ್ಟ್, ಎಡ ಬಾಣ ಒಟ್ಟಿಗೆ ಒತ್ತಿ; ಕಿಟಕಿ ಉರಿಯುತ್ತಿರುವ ಪರದೆಗೆ ಬರುತ್ತದೆ. 24 ಇಂಚಿನ ಎಲ್‌ಇಡಿ ಮಾನಿಟರ್ ಎಳೆಯುವುದು 20-25 ವ್ಯಾಟ್ ಅಷ್ಟೇ, ಸಾದಾ ಆಫೀಸ್ ಸಿಪಿಯು ಜೊತೆ 600 ವಿಎ ಯುಪಿಎಸ್‌ಗೆ ಎರಡೂ ಭಾರವಲ್ಲ. ಮನೆಯ ಇನ್ವರ್ಟರ್ ಮೇಲಿದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿನ ಗುಡುಗು-ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಪಿಯುವಿನದು, ಎರಡೂ ಮಾನಿಟರ್‌ನದು ಪ್ಲಗ್ ಕೀಳಿ, ಜೊತೆಗೆ ರೌಟರ್‌ನಿಂದ ಬರುವ ನೆಟ್‌ವರ್ಕ್ ಕೇಬಲ್ ಕೂಡ.