ಅಮೆರಿಕದ ಪಿಎ ಸೀಟು ಕೊಡಿಸ್ತೀವಿ ಅಂತ ಶಿವಮೊಗ್ಗದಲ್ಲಿ ನಮಗೆ ಮಾಡಿದ ಮೋಸ. ದುಡ್ಡು ಕಟ್ಟುವ ಮೊದಲು ಓದಿ

ಮಕ್ಕಳನ್ನು ಅಮೆರಿಕದಲ್ಲಿ ಫಿಜಿಶಿಯನ್ ಅಸಿಸ್ಟೆಂಟ್ (ಪಿಎ) ಓದಿಸಬೇಕು ಅಂತಿರುವವರು ಯಾವ ಕನ್ಸಲ್ಟೆನ್ಸಿಗೂ ಒಂದು ರೂಪಾಯಿ ಕಟ್ಟುವ ಮೊದಲು ಇದನ್ನು ಓದಿ. ಶಿವಮೊಗ್ಗದ ಒಂದು ಕನ್ಸಲ್ಟೆನ್ಸಿ ನಮ್ಮಿಂದ 1,80,000 ರೂಪಾಯಿ ತೆಗೆದುಕೊಂಡಿದೆ. ಒಂದು ಕೆಲಸವೂ ಆಗಿಲ್ಲ. ಒಂದೂ ಅಂದರೆ ಒಂದೂ ಇಲ್ಲ. ದೂರು ನಡೆಯುತ್ತಿದೆ, ಅದಕ್ಕೇ ಹೆಸರು ಹಾಕಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ತಂಗಿ ಬಿ.ಎಸ್ಸಿ ಮುಗಿಸಿದ್ದಾಳೆ, ಸಿಬಿಝೆಡ್. ಪಿಎ ಅಂದರೆ ಡಾಕ್ಟರ ಜೊತೆಗಿದ್ದು ರೋಗಿಗಳನ್ನು ನೋಡುವ, ಔಷಧಿ ಬರೆಯುವ ಕೆಲಸ. ಅಲ್ಲಿ ಅದು ಮಾಸ್ಟರ್ಸ್, ಸುಮಾರು 27 ತಿಂಗಳು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೋರ್ಸ್ ಅಂತ ಅವರ ಬ್ರೋಷರಿನಲ್ಲಿತ್ತು. ಆ ಬ್ರೋಷರಿನಲ್ಲಿ ನಿಜ ಇದ್ದದ್ದು ಅಷ್ಟೇ.

"ಪ್ರೊಫೈಲ್ ಸ್ಟ್ರಾಂಗ್ ಇದೆ ಸರ್. ರಿಕ್ವೈರ್‌ಮೆಂಟ್ ಎಲ್ಲಾ ನಾವೇ ಕಂಪ್ಲೀಟ್ ಮಾಡಿಸ್ತೀವಿ, ನೀವು ಆರಾಮಾಗಿರಿ" ಅಂದರು. ಎಲೆಚುಕ್ಕೆ ರೋಗ ಬಂದು ತೋಟ ಹಾಳಾದ ವರ್ಷ ಅದು. ಅಪ್ಪಯ್ಯ ಮಂಡಿಯಲ್ಲಿ ಮುಂದಿನ ಅಡಿಕೆ ಮೇಲೆ ಮುಂಗಡ ತಂದು ಕಟ್ಟಿದರು.

ಅಲ್ಲಿ ಒಂದೊಂದು ಕಾಲೇಜಿಗೂ ಒಂದೊಂದು ನಿಯಮ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್ ಓದಿರಬೇಕು, ಎಷ್ಟೋ ಕಡೆ ಲ್ಯಾಬ್ ಸಮೇತ. ತಂಗಿ ಮೊದಲ ದಿನವೇ ಇದನ್ನು ಕೇಳಿದಳು. ಆ ಮನುಷ್ಯ ನಕ್ಕುಬಿಟ್ಟ. "ಝೂವಾಲಜಿ ಓದಿದ್ದೀಯಲ್ಲಮ್ಮಾ, ಅದೇ ಅನಾಟಮಿ." ಜಿರಳೆ ಚಿತ್ರ ಬರೆದರೆ ಮನುಷ್ಯರ ಅನಾಟಮಿ ಓದಿದ ಹಾಗೆ ಆಗುತ್ತಾ? ಹೊರದೇಶದ ಅಂಕಪಟ್ಟಿಗಳನ್ನು ಅಲ್ಲಿನ ಲೆಕ್ಕಕ್ಕೆ ಹೊಂದಿಸಿ ವರದಿ ಕೊಡುವ ಡಬ್ಲ್ಯುಇಎಸ್ ಅನ್ನುವ ಸಂಸ್ಥೆಗೆ ಅವಳ ಅಂಕಪಟ್ಟಿ ಕಳಿಸಿದ್ದೂ ಹಾಗೇ. ಈ ಅರ್ಜಿಗೆ ಒಂದೊಂದು ವಿಷಯಕ್ಕೂ ಕ್ರೆಡಿಟ್, ಗ್ರೇಡ್ ತೋರಿಸುವ ಕೋರ್ಸ್-ಬೈ-ಕೋರ್ಸ್ ವರದಿ ಬೇಕು. ಇವರು ಮಾಡಿಸಿದ್ದು ಕಡಿಮೆ ದುಡ್ಡಿನ ಡಾಕ್ಯುಮೆಂಟ್-ಬೈ-ಡಾಕ್ಯುಮೆಂಟ್. ಯಾಕೆ ಅಂತ ಕೇಳಿದರೆ "ಎರಡೂ ಒಂದೇ ಸರ್".

ಇನ್ನು ಗಂಟೆಗಳ ಕಥೆ. ರೋಗಿಗಳ ಆರೈಕೆ ಮಾಡಿದ ಅನುಭವ ಇಷ್ಟು ಗಂಟೆ ಇರಬೇಕು ಅಂತ ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ಕೆಲವು ಕಡೆ 500, ಕೆಲವು ಕಡೆ 1,000, ಇನ್ನು ಕೆಲವು ಕಡೆ 2,000. ಇವರು ತಂಗಿಯನ್ನು ಪರಿಚಯದ ಒಂದು ನರ್ಸಿಂಗ್ ಹೋಮಿಗೆ ಕಳಿಸಿದರು. ಬೆಳಗ್ಗೆ ಹೋಗಿ ಡಾಕ್ಟರ ಹಿಂದೆ ಸುಮ್ನೆ ನಿಂತು ಮಧ್ಯಾಹ್ನ ಬರುತ್ತಿದ್ದಳು. ಬಿಪಿ ನೋಡಲೂ ಬಿಡಲಿಲ್ಲ. ಅದು ಶ್ಯಾಡೋಯಿಂಗ್. ಅರ್ಜಿಯಲ್ಲಿ ಅದಕ್ಕೆ ಬೇರೆಯೇ ಜಾಗ ಇದೆ, ಆರೈಕೆಯ ಗಂಟೆಗೆ ಅದು ಸೇರಲ್ಲ.

ಆಮೇಲೆ ಪತ್ರ ಬಂತು. ಲೆಟರ್‌ಹೆಡ್ಡು, ಸೀಲು, ಎಲ್ಲಾ ಚೆಂದ. "ಪೇಷಂಟ್ ಕೇರ್ ಟೆಕ್ನಿಷಿಯನ್ ಆಗಿ 1,200 ಗಂಟೆ ಕೆಲಸ ಮಾಡಿದ್ದಾರೆ." ನಾನು ಎರಡು ಸಲ ಓದಿದೆ. ತಂಗಿ ಮುಖ ನೋಡಿದೆ. "ಅಣ್ಣಾ, ನಾನು ಇದನ್ನ ಹಾಕಲ್ಲ" ಅಂದಳು. ಫೋನ್ ಮಾಡಿದರೆ ಅವರಿಗೇ ಸಿಟ್ಟು. "ಎಲ್ಲರೂ ಹೀಗೇ ಮಾಡೋದು ಸರ್, ನೀವೊಬ್ರು ಹರಿಶ್ಚಂದ್ರ ಆಗೋಕೆ ಹೋಗ್ಬೇಡಿ." ಹರಿಶ್ಚಂದ್ರನಂತೆ! ಅರ್ಜಿಯಲ್ಲಿ ಇದೆಲ್ಲ ನಿಜ ಅಂತ ದೃಢೀಕರಿಸಬೇಕಾದವಳು ಅವಳು, ಅವರಲ್ಲ. ಸಿಕ್ಕಿಬಿದ್ದರೆ ಹೋಗುವುದು ಇವಳ ಹೆಸರು.

ಆ ರಾತ್ರಿ ತಂಗಿ ತಾನೇ ಅವರ ಪಟ್ಟಿಯಲ್ಲಿದ್ದ ಒಂದು ಕಾಲೇಜಿಗೆ ಮೇಲ್ ಹಾಕಿದಳು. ಬೆಳಗಾಗುವಷ್ಟರಲ್ಲಿ ಉತ್ತರ. ನಿಮ್ಮ ಹೆಸರಲ್ಲಿ ಯಾವ ಅರ್ಜಿಯೂ ಬಂದಿಲ್ಲ. ಈ ವಿಷಯಗಳನ್ನು ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಿರಬೇಕು. ವಿದ್ಯಾರ್ಥಿ ವೀಸಾ ಬೇಕಾದವರನ್ನು ನಾವು ತೆಗೆದುಕೊಳ್ಳುವುದಿಲ್ಲ. ಅಷ್ಟೇ. ಮೂರು ಸಾಲು, ಪುಕ್ಕಟೆ. 1,80,000 ರೂಪಾಯಿ ಕಟ್ಟಿ ನಮಗೆ ಗೊತ್ತಾಗದ್ದು ಒಂದು ಮೇಲ್‌ನಲ್ಲಿ ಗೊತ್ತಾಯಿತು. ಅರ್ಜಿ ಹೋಗೇ ಇಲ್ಲ ಸ್ವಾಮಿ! "ಸಬ್ಮಿಟ್ ಆಗಿದೆ, ಪ್ರೊಸೆಸ್‌ನಲ್ಲಿದೆ" ಅಂತ ನಮಗೆ ಸ್ಕ್ರೀನ್‌ಶಾಟ್ ಬೇರೆ ಕಳಿಸಿದ್ದರು.

ಕ್ಯಾಸ್ಪಾ ಲಾಗಿನ್ ಕೊಡಿ ಅಂದೆ. ಪಿಎ ಕೋರ್ಸಿಗೆ ಹೆಚ್ಚಿನ ಕಾಲೇಜುಗಳು ಅರ್ಜಿ ತಗೊಳ್ಳುವುದು ಅದರ ಮೂಲಕ. "ಕಂಪನಿ ಪಾಲಿಸಿ ಪ್ರಕಾರ ಕೊಡಲ್ಲ ಸರ್." ಖಾತೆ ನನ್ನ ತಂಗಿಯದು, ಅದರೊಳಗಿರುವ ಮೇಲ್ ವಿಳಾಸ ಇವರದ್ದು! ಬೆಳಗ್ಗೆ ಫೋನ್ ಮಾಡಿದರೆ "ಅಮೆರಿಕದಲ್ಲಿ ಈಗ ರಾತ್ರಿ ಸರ್". ರಾತ್ರಿ ಮಾಡಿದರೆ "ನಮ್ಮ ಆಫೀಸ್ ಟೈಮ್ ಮುಗೀತು ಸರ್". ಖುದ್ದಾಗಿ ಹೋದರೆ "ಮೇಡಂ ಮೀಟಿಂಗ್‌ನಲ್ಲಿದ್ದಾರೆ". ದುಡ್ಡು ವಾಪಸ್ ಕೇಳಿದಾಗ ರಸೀದಿ ತೋರಿಸಿದರು. ಅದರಲ್ಲಿ "ಕೌನ್ಸೆಲಿಂಗ್ ಚಾರ್ಜ್, ಹಿಂತಿರುಗಿಸಲಾಗುವುದಿಲ್ಲ" ಅಂತ ಇರುವೆ ಸಾಲಿನಂಥ ಅಕ್ಷರ.

ಇಷ್ಟಾದ ಮೇಲೂ ಹೊಸ ವ್ಯಾಪಾರ ಶುರು ಮಾಡಿದರು ನೋಡಿ. "ಬೆಂಗಳೂರಲ್ಲಿ ನಮ್ಮ ಟೈಅಪ್ ಕಾಲೇಜಿದೆ. ಬಿ.ಎಸ್ಸಿ ಪಿಎ ಮಾಡ್ಲಿ, ಅಲ್ಲಿಂದ ಸೀದಾ ಅಮೆರಿಕದಲ್ಲಿ ಕೆಲಸ." ಹಸಿ ಸುಳ್ಳು. ನಮ್ಮ ದೇಶದ ಪಿಎ ಕೋರ್ಸಿನ ಬಗ್ಗೆ ನನ್ನ ತಕರಾರಿಲ್ಲ. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಶುರುವಾದದ್ದು, ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ಪಟ್ಟಿಯಲ್ಲೂ ಫಿಜಿಶಿಯನ್ ಅಸೋಸಿಯೇಟ್ ಅನ್ನುವ ಹೆಸರಲ್ಲಿ ಇದೆ. ಇಲ್ಲಿ ಕೆಲಸ ಮಾಡುವವರು ಧಾರಾಳವಾಗಿ ಓದಲಿ. ಆದರೆ ಅಮೆರಿಕದಲ್ಲಿ ಪಿಎ ಆಗಲು ಪ್ಯಾನ್ಸ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಿಎ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಸಂಸ್ಥೆ ಎಆರ್‌ಸಿ-ಪಿಎ, ಅದರ ಮಾನ್ಯತೆ ಇರುವ ಕೋರ್ಸ್ ಮುಗಿಸದೆ ಅದಕ್ಕೆ ಕೂರಲು ಬಿಡುವುದೇ ಇಲ್ಲ. ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: "ನೀವು ಜಾಸ್ತಿ ಗೂಗಲ್ ನೋಡ್ತೀರಿ ಸರ್."

ಹೌದಪ್ಪಾ, ನೋಡ್ತೀನಿ. ನೀವೂ ನೋಡಿ. ಎಆರ್‌ಸಿ-ಪಿಎ ಮಾನ್ಯತೆ ಇರುವ ಕೋರ್ಸುಗಳ ಪಟ್ಟಿ ಎಲ್ಲರಿಗೂ ತೆರೆದೇ ಇದೆ. ಕಾಲೇಜಿಗೆ ನೀವೇ ಮೇಲ್ ಹಾಕಿ ವೀಸಾ, ವಿಷಯ, ಗಂಟೆ ಮೂರನ್ನೂ ಕೇಳಿ. ಖಾತೆ ನಿಮ್ಮ ಮೇಲ್‌ನಲ್ಲೇ ತೆರೆಯಿರಿ. ಲೆಟರ್ ನಾವೇ ಕೊಡಿಸ್ತೀವಿ ಅಂದರೆ ಚಪ್ಪಲಿ ಮೆಟ್ಟಿ ಎದ್ದು ಬನ್ನಿ.

ಅಮ್ಮ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಪಂಕ್ತಿಯಲ್ಲಿ ಕೂತರೆ ಸಾಕು, ಪಕ್ಕದವರು "ಮಗಳ ಫ್ಲೈಟ್ ಯಾವಾಗ?" ಅನ್ನುತ್ತಾರೆ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ಕೇಳಬಹುದು. ಲಾಗಿನ್ ಇನ್ನೂ ಅವರ ಕೈಯಲ್ಲೇ ಇದೆ. ಆ ಸುಳ್ಳು ಪತ್ರವನ್ನು ಎಲ್ಲಿ ಹಾಕಿಬಿಡುತ್ತಾರೋ ಅನ್ನುವ ಭಯಕ್ಕೆ, ಖಾತೆ ಮುಚ್ಚಿ ಅಂತ ತಂಗಿ ಕ್ಯಾಸ್ಪಾದವರಿಗೇ ಬರೆದಿದ್ದಾಳೆ. ನಿಮ್ಮಲ್ಲೂ ಯಾರಿಗಾದರೂ ಇದೇ ಥರ 1,200 ಗಂಟೆಯ ಪತ್ರ ಸಿಕ್ಕಿದ್ದರೆ ಹರಿದು ಹಾಕಬೇಡಿ. ರಸೀದಿ ಜೊತೆಗೆ ಇಟ್ಟುಕೊಂಡು ನನಗೆ ತಿಳಿಸಿ, ದೂರಿಗೆ ಬೇಕು.