ನಾಲ್ಕು ಡಿಸ್ಕಿನ ಪೂಲಿಗೆ ಐದನೆಯದು: ಓಪನ್‌ಝಡ್‌ಎಫ್‌ಎಸ್ ವಿಸ್ತರಣೆ ಬಳಸಿ ನೋಡಿದ ಮೇಲೆ

ಮನೆಯ ಸರ್ವರಿಗೆ ಝಡ್‌ಎಫ್‌ಎಸ್ (ಹಲವು ಡಿಸ್ಕುಗಳನ್ನು ಒಂದೇ ಸಂಗ್ರಹವಾಗಿ ನೋಡಿಕೊಳ್ಳುವ ಫೈಲ್ ವ್ಯವಸ್ಥೆ) ಹಾಕಿಕೊಂಡವರ ಹಳೆಯ ದೂರು ಒಂದೇ: ರೇಡ್‌ಝಡ್ ಪೂಲ್ (ಡಿಸ್ಕು ಕೆಟ್ಟರೂ ಡೇಟಾ ಉಳಿಯುವಂತೆ ಡಿಸ್ಕುಗಳ ಗುಂಪಿನ ಮೇಲೆ ಕಟ್ಟಿದ ಸಂಗ್ರಹ) ಒಮ್ಮೆ ಕಟ್ಟಿದರೆ ಮುಗಿಯಿತು, ಆಮೇಲೆ ಅದಕ್ಕೆ ಇನ್ನೊಂದು ಡಿಸ್ಕ್ ಸೇರಿಸುವಂತಿಲ್ಲ. ಜಾಗ ತುಂಬಿದರೆ ಪಕ್ಕದಲ್ಲೇ ಇನ್ನೊಂದು ಗುಂಪು ಕಟ್ಟಬೇಕು, ಎಲ್ಲ ಡಿಸ್ಕನ್ನೂ ದೊಡ್ಡದಕ್ಕೆ ಬದಲಿಸಬೇಕು, ಇಲ್ಲವೇ ಇದ್ದಬದ್ದದ್ದನ್ನೆಲ್ಲ ಬೇರೆಡೆ ನಕಲಿಸಿ, ಪೂಲ್ ಒಡೆದು, ಮೊದಲಿನಿಂದ ಶುರು ಮಾಡಬೇಕು. 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3 ಆವೃತ್ತಿ (ಓಪನ್‌ಝಡ್‌ಎಫ್‌ಎಸ್ ಎಂದರೆ ಝಡ್‌ಎಫ್‌ಎಸ್‌ನ ಮುಕ್ತ ರೂಪ) ಈ ಕಟ್ಟು ಬಿಡಿಸಿತು: ಇರುವ ಗುಂಪಿಗೇ ಡಿಸ್ಕ್ ಸೇರಿಸುವ ‘ವಿಸ್ತರಣೆ’ ಬಂತು. ಟ್ರೂನಾಸ್ ಸ್ಕೇಲ್ 24.10 (ಝಡ್‌ಎಫ್‌ಎಸ್ ಆಧರಿಸಿದ ಸರ್ವರ್ ಸಾಫ್ಟ್‌ವೇರ್) ಬಳಸುವವರಿಗೆ ಅದು ಕೆಲವು ತಿಂಗಳು ಮೊದಲೇ ಸಿಕ್ಕಿತ್ತು.

ದೀರ್ಘ ಬಳಕೆಯ ನಂತರದ ತೀರ್ಪು ಇಷ್ಟು: ವಿಸ್ತರಣೆಯ ಕೆಲಸ ನಂಬಬಹುದಾದದ್ದು. ಡೇಟಾ ಹೋದರೆ ಹೋಗುವುದು ಅದರ ಮುಂಚೆ ಮಾಡಬೇಕಾದ ತಯಾರಿ ಬಿಟ್ಟದ್ದರಿಂದ, ಇಲ್ಲವೇ ಒಂದೇ ಒಂದು ಆಜ್ಞೆ ತಪ್ಪಿದ್ದರಿಂದ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಹೋಗಿದ್ದು ಜಾಗದ ಲೆಕ್ಕ ತೋರಿಸುವ ರೀತಿಗೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಗಾಬರಿಯಾಗುವುದು ಅಲ್ಲೇ.

8 ಟಿಬಿಯ ನಾಲ್ಕು ಡಿಸ್ಕಿನ ರೇಡ್‌ಝಡ್1 (ಒಂದು ಡಿಸ್ಕು ಕೆಟ್ಟರೂ ತಡೆಯುವ ಬಗೆ) ಪೂಲ್ ಇದೆ ಎಂದುಕೊಳ್ಳಿ. ಮೂರು ಪಾಲು ಡೇಟಾ, ಒಂದು ಪಾಲು ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾವನ್ನು ಮತ್ತೆ ಕಟ್ಟಲು ಬೇಕಾದ ಹೆಚ್ಚುವರಿ ಮಾಹಿತಿ). ಪ್ಯಾಡಿಂಗ್ (ಬ್ಲಾಕುಗಳನ್ನು ಹೊಂದಿಸಲು ಖಾಲಿ ಬಿಡುವ ಜಾಗ) ಬಿಟ್ಟು ಲೆಕ್ಕ ಹಾಕಿದರೆ 24 ಟಿಬಿ. ಐದನೆಯದನ್ನು ಸೇರಿಸಿದರೆ 32 ಟಿಬಿ ಆಗಬೇಕಲ್ಲ? ಪರದೆ 30ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಏನೂ ಕೆಟ್ಟಿಲ್ಲ. ಖಾಲಿ ಜಾಗವನ್ನು ಝಡ್‌ಎಫ್‌ಎಸ್ ಈಗಲೂ ಹಳೆಯ ಮೂರಕ್ಕೊಂದು ಅನುಪಾತದಲ್ಲೇ ಎಣಿಸುತ್ತದೆ, ಹೊಸದಾಗಿ ಬರೆಯುವ ಫೈಲುಗಳು ಮಾತ್ರ ನಾಲ್ಕಕ್ಕೊಂದು ಅನುಪಾತದಲ್ಲಿ ಕೂರುತ್ತವೆ. ಹಾಗಾಗಿ 1 ಜಿಬಿಯ ಹೊಸ ಫೈಲ್ ಹಾಕಿ, ಫೈಲ್ ಹಿಡಿದ ಜಾಗ ಹೇಳುವ ‘ಡಿಯು’ ಆಜ್ಞೆ ಓಡಿಸಿದರೆ ಸುಮಾರು 0.9 ಜಿಬಿ ಎಂದು ತೋರುತ್ತದೆ. ಒಟ್ಟು ಜಾಗ ಕಡಿಮೆ ಕಂಡರೂ ಫೈಲುಗಳೂ ಕಡಿಮೆ ತೂಗುವುದರಿಂದ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಆದರೆ ಪೂಲ್ ಎಷ್ಟು ತುಂಬಿದೆ ಎಂದು ಸಂಖ್ಯೆ ನೋಡಿ ಖಚಿತವಾಗಿ ಹೇಳುವ ಸುಖ ಆ ಪೂಲಿನಲ್ಲಿ ಇನ್ನಿಲ್ಲ. (ಇದರ ಜೊತೆಗೆ ಮಾಮೂಲಿ ಗೊಂದಲವೂ ಉಂಟು: ಪೆಟ್ಟಿಗೆಯ ಮೇಲಿನ 8 ಟಿಬಿ ಸಾವಿರದ ಲೆಕ್ಕದ್ದು, 1024ರ ಲೆಕ್ಕ ಹಿಡಿಯುವ ಸಾಫ್ಟ್‌ವೇರ್‌ಗೆ ಅದು ಸುಮಾರು 7.28.)

ವಿಸ್ತರಣೆಗೆ ಮುಂಚೆ ಬರೆದ ಫೈಲುಗಳು ಹಳೆಯ ಅನುಪಾತದಲ್ಲೇ ಉಳಿಯುತ್ತವೆ. ಅವನ್ನು ಮತ್ತೆ ಬರೆಯಬೇಕೇ? ಗಣಿತ ಮಾಡಿ ನೋಡಿ. 18 ಟಿಬಿ ಡೇಟಾ ಹಳೆಯ ಅನುಪಾತದಲ್ಲಿ ಡಿಸ್ಕಿನ ಮೇಲೆ 24 ಟಿಬಿ ಹಿಡಿಯುತ್ತದೆ, ಹೊಸದರಲ್ಲಿ 22.5. ಉಳಿತಾಯ ಬರೀ ಒಂದೂವರೆ ಟಿಬಿ. ಅಷ್ಟಕ್ಕಾಗಿ ಎಲ್ಲವನ್ನೂ ಬರೆಯುವುದು ದಂಡ. ಆದರೆ ಮೂರು ಡಿಸ್ಕಿನಿಂದ ಶುರುಮಾಡಿ ಒಂದೊಂದೇ ಸೇರಿಸುತ್ತ ಆರಕ್ಕೆ ಬಂದಿದ್ದರೆ ವಿಷಯ ಬೇರೆ: 12 ಟಿಬಿ ಡೇಟಾ ಹಿಡಿದಿದ್ದ 18 ಟಿಬಿ ಜಾಗ 14.4ಕ್ಕೆ ಇಳಿಯುತ್ತದೆ. ಆಗ ಮಾಡಿ.

ಮಾಡುವಾಗ ಎಡವುವ ಜಾಗಗಳು ಎರಡಿವೆ. ಹಳೆಯ ಸ್ನ್ಯಾಪ್‌ಶಾಟ್‌ಗಳು (ಪೂಲಿನ ಒಂದು ಕ್ಷಣದ ಸ್ಥಿತಿಯನ್ನು ಹಾಗೇ ಹಿಡಿದಿಡುವ ಪ್ರತಿಗಳು) ಇದ್ದರೆ ಅವು ಹಳೆಯ ಬ್ಲಾಕುಗಳನ್ನು ಹಿಡಿದೇ ಇರುತ್ತವೆ; ಜಾಗ ಉಳಿಯುವ ಬದಲು ಎರಡರಷ್ಟು ಖರ್ಚಾಗುತ್ತದೆ. ಎರಡನೆಯದು, ಈಗಿನ ‘ಸಿಪಿ’ (ನಕಲಿಸುವ) ಆಜ್ಞೆ ನಿಜವಾಗಿ ನಕಲಿಸದೆ ಅದೇ ಬ್ಲಾಕುಗಳಿಗೆ ಇನ್ನೊಂದು ಕೊಂಡಿ ಹಾಕಿ ಕೈತೊಳೆದುಕೊಳ್ಳಬಹುದು. ‘ರೀಲಿಂಕ್=ನೆವರ್’ ಆಯ್ಕೆ ಕೊಟ್ಟರೆ ಮಾತ್ರ ಹೊಸದಾಗಿ ಬರೆಯುತ್ತದೆ. ಹೊಸ ಆವೃತ್ತಿಗಳಲ್ಲಿ ಇದೇ ಕೆಲಸಕ್ಕೆಂದು ‘ಝಡ್‌ಎಫ್‌ಎಸ್ ರೀರೈಟ್’ ಇದೆ. ಸ್ನ್ಯಾಪ್‌ಶಾಟ್ ವಿಚಾರ ಅದಕ್ಕೂ ಅನ್ವಯಿಸುತ್ತದೆ.

ಈಗ ತಯಾರಿ. ಮೊದಲು ಬ್ಯಾಕಪ್. ಪ್ಯಾರಿಟಿ ಇದೆಯಲ್ಲ ಎನ್ನುವವರಿಗೆ: ಕೈತಪ್ಪಿ ಅಳಿಸಿದ ಫೋಲ್ಡರನ್ನು ಪ್ಯಾರಿಟಿ ವಾಪಸ್ ಕೊಡುವುದಿಲ್ಲ. ಎಲ್ಲದಕ್ಕೂ ಆಗದಿದ್ದರೆ ಫೋಟೊ, ದಾಖಲೆಗಳಂಥ ಮತ್ತೆ ಸಿಗದವಕ್ಕಾದರೂ ಇನ್ನೊಂದು ಪ್ರತಿ ಸರ್ವರಿನ ಹೊರಗೆ ಇರಲಿ, ಮತ್ತು ಅದರಿಂದ ಹತ್ತು ಫೈಲು ತೆರೆದು ನೋಡಿ. ನಂತರ ಒಂದು ಪೂರ್ತಿ ಸ್ಕ್ರಬ್ (ಪೂಲಿನ ಡೇಟಾವನ್ನೆಲ್ಲ ಓದಿ ತಪ್ಪು ಹುಡುಕುವ ಪರೀಕ್ಷೆ). ಅದರಲ್ಲಿ ಒಂದು ತಪ್ಪು ಕಂಡರೂ ಅದನ್ನು ಬಗೆಹರಿಸುವ ತನಕ ಮುಂದೆ ಹೋಗಬೇಡಿ.

ಹೊಸ ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು ನೇರ ಪೂಲಿಗೆ ಹಾಕುವುದು ಅವಸರದ ಕೆಲಸ. ಮೊದಲು ‘ಸ್ಮಾರ್ಟ್’ನ (ಡಿಸ್ಕು ತನ್ನ ಆರೋಗ್ಯ ತಾನೇ ನೋಡಿಕೊಳ್ಳುವ ವ್ಯವಸ್ಥೆ) ದೀರ್ಘ ಪರೀಕ್ಷೆ, ಆಮೇಲೆ ‘ಬ್ಯಾಡ್‌ಬ್ಲಾಕ್ಸ್’ ಆಜ್ಞೆಯ ಬರೆಯುವ ಪರೀಕ್ಷೆ, ಮತ್ತೆ ದೀರ್ಘ ಪರೀಕ್ಷೆ. ಬರೆಯುವ ಪರೀಕ್ಷೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸುತ್ತದೆ, ಆದ್ದರಿಂದ ಡಿಸ್ಕಿನ ಸೀರಿಯಲ್ ಸಂಖ್ಯೆ ಎರಡು ಸಲ ನೋಡಿಕೊಳ್ಳಿ. ನಾಲ್ಕು ಮಾದರಿಗಳನ್ನು ಬರೆದು ಓದುವುದರಿಂದ ಇಡೀ ಡಿಸ್ಕನ್ನು ಎಂಟು ಬಾರಿ ದಾಟುತ್ತದೆ; 8 ಟಿಬಿಗೆ ಐದು ದಿನ ಹಿಡಿದರೆ ಅಚ್ಚರಿಪಡಬೇಡಿ. 18 ಟಿಬಿ ಮತ್ತು ಮೇಲ್ಪಟ್ಟ ಡಿಸ್ಕಿಗೆ ಬ್ಲಾಕ್ ಗಾತ್ರ 8192 ಕೊಡಿ, 4096 ಇಟ್ಟರೆ ಬ್ಲಾಕ್ ಎಣಿಕೆ 32 ಬಿಟ್‌ನ ಮಿತಿ ಮುಟ್ಟಿ ಅದು ಓಡಲು ಒಪ್ಪದೆ ಹೋಗಬಹುದು. ಕೊನೆಗೆ ‘ಸ್ಮಾರ್ಟ್’ ಪಟ್ಟಿಯ 5, 197, 198ನೇ ಅಂಶಗಳು (ಕೆಟ್ಟ ಸೆಕ್ಟರುಗಳ ಎಣಿಕೆಗಳು) ಸೊನ್ನೆ ಇರಬೇಕು. 199 (ಡೇಟಾ ಸಾಗಣೆಯ ತಪ್ಪುಗಳ ಎಣಿಕೆ) ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಮೊದಲು ಕೇಬಲ್ ಬದಲಿಸಿ. ಆ ಎಣಿಕೆ ಕಡಿಮೆಯಾಗುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಅಲ್ಲೇ ನಿಂತಿದೆಯೇ ಎಂಬುದಷ್ಟೇ ಮುಖ್ಯ.

ಕೊಳ್ಳುವಾಗ ಎಸ್‌ಎಮ್‌ಆರ್ (ಡೇಟಾ ಬರೆಯುವ ಸಾಲುಗಳು ಒಂದರ ಮೇಲೊಂದು ಹೊದ್ದಿರುವ ಬಗೆ) ಬೇಡ, ಸಿಎಮ್‌ಆರ್ (ಸಾಲುಗಳು ಬೇರೆ ಬೇರೆ ಇರುವ ಬಗೆ) ಇರಲಿ. ಮಾದರಿ ಸಂಖ್ಯೆ ಹಿಡಿದು ತಯಾರಕರ ಪಟ್ಟಿಯಲ್ಲೇ ನೋಡಿ, ಪೆಟ್ಟಿಗೆಯ ಬಣ್ಣ ನಂಬಿ ಕೂರಬೇಡಿ. ಎಸ್‌ಎಮ್‌ಆರ್ ಡಿಸ್ಕು ದಿನನಿತ್ಯದ ಬಳಕೆಯಲ್ಲಿ ಸುಮ್ಮನಿದ್ದು, ಎಡೆಬಿಡದೆ ಬರೆಯುವ ಹೊತ್ತಿಗೆ ಕುಂಟುತ್ತದೆ, ಎಷ್ಟೋ ಸಲ ಪ್ರತಿಕ್ರಿಯೆ ತಡವಾಗಿ ಪೂಲಿನಿಂದಲೇ ಹೊರಬೀಳುತ್ತದೆ. ಗಾತ್ರ, ಗುಂಪಿನ ಅತಿ ಚಿಕ್ಕ ಡಿಸ್ಕಿಗಿಂತ ಕಡಿಮೆ ಇರಕೂಡದು.

ಪವರ್ ಸಪ್ಲೈ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೂರೂವರೆ ಇಂಚಿನ ಡಿಸ್ಕು ತಿರುಗುತ್ತಿರುವಾಗ ತಿನ್ನುವುದು 5ರಿಂದ 8 ವ್ಯಾಟ್, ಆದರೆ ತಿರುಗಲು ಶುರುವಾಗುವಾಗ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆರು ಡಿಸ್ಕು ಒಟ್ಟಿಗೆ ಎದ್ದರೆ 150 ವ್ಯಾಟ್‌ನ ಹೊಡೆತ. ಒಂದೇ ಸಾಲಿಗೆ, ಒಂದನ್ನು ಎರಡಾಗಿ ಕವಲೊಡೆಸುವ ವೈ ಕೇಬಲ್‌ಗಳನ್ನು ಪೋಣಿಸುತ್ತ ಹೋಗಬೇಡಿ. ಮೊಲೆಕ್ಸ್‌ನಿಂದ (ಹಳೆಯ ಬಗೆಯ ಪವರ್ ಪ್ಲಗ್) ಸಾಟಾಗೆ (ಈಗಿನ ಡಿಸ್ಕುಗಳ ಪ್ಲಗ್) ಬದಲಿಸುವ, ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಕನೆಕ್ಟರ್‌ಗಳು ಒಳಗೇ ಶಾರ್ಟ್ ಆಗಿ ಸುಡುತ್ತವೆ. ತಂತಿ ಒತ್ತಿ ಕೂರಿಸಿದ ಬಗೆಯದ್ದೇ ಬೇಕು. ಮದರ್‌ಬೋರ್ಡಿನಲ್ಲಿ ಪೋರ್ಟ್ ಸಾಲದಿದ್ದರೆ ಐಟಿ ಮೋಡ್‌ನ (ಡಿಸ್ಕುಗಳನ್ನು ನೇರವಾಗಿ ಸಾಫ್ಟ್‌ವೇರ್‌ಗೆ ಒಪ್ಪಿಸುವ) ಎಚ್‌ಬಿಎ, ಅಂದರೆ ಹೆಚ್ಚುವರಿ ಡಿಸ್ಕ್ ಪೋರ್ಟ್ ಕೊಡುವ ಕಾರ್ಡ್ ಹಾಕಿ, ಅದರ ಹೀಟ್‌ಸಿಂಕ್ ಮೇಲೆ ಗಾಳಿ ಬೀಳುವಂತೆ ನೋಡಿಕೊಳ್ಳಿ. ಒಂದು ಪೋರ್ಟನ್ನು ಹಲವಾಗಿಸುವ ಪೋರ್ಟ್ ಮಲ್ಟಿಪ್ಲೈಯರ್, ಯುಎಸ್‌ಬಿ ಡಬ್ಬಿಗಳ ಕಡೆ ಹೋಗಲೇಬೇಡಿ.

ಆಜ್ಞೆಗೆ ಬರೋಣ. ಮೊದಲು ‘ಝಡ್‌ಪೂಲ್ ಅಪ್‌ಗ್ರೇಡ್’ ಮಾಡಿ ವಿಸ್ತರಣೆಯ ಸೌಲಭ್ಯ ತೆರೆಯಬೇಕು. ವಿಸ್ತರಿಸಿದ ಪೂಲನ್ನು ಹಳೆಯ ಆವೃತ್ತಿಯ ಸಾಫ್ಟ್‌ವೇರ್ ಓದದು, ಹಿಂದಕ್ಕೆ ದಾರಿಯಿಲ್ಲ. ನಂತರ ‘ಝಡ್‌ಪೂಲ್ ಅಟ್ಯಾಚ್’, ಪೂಲಿನ ಹೆಸರು, ಗುಂಪಿನ ಹೆಸರು (ಸಾಮಾನ್ಯವಾಗಿ ರೇಡ್‌ಝಡ್1-0), ಆಮೇಲೆ ಡಿಸ್ಕು. ಡಿಸ್ಕಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯದೆ ಸೀರಿಯಲ್ ಸಂಖ್ಯೆ ಇರುವ ‘ಬೈ-ಐಡಿ’ ಹಾದಿ ಕೊಡಿ. ಎಸ್‌ಡಿ ಅಕ್ಷರಗಳು ರೀಬೂಟ್ ಆದಾಗ ಅದಲುಬದಲಾಗುತ್ತವೆ.

ಅಟ್ಯಾಚ್ ಬದಲು ‘ಆ್ಯಡ್’ ಎಂದು ಬರೆದರೆ ಕಥೆ ಬೇರೆ. ಡಿಸ್ಕು ಗುಂಪಿನ ಒಳಗೆ ಹೋಗದೆ, ಗುಂಪಿನ ಪಕ್ಕದಲ್ಲಿ ಯಾವ ರಕ್ಷಣೆಯೂ ಇಲ್ಲದೆ ಒಂಟಿಯಾಗಿ ಪೂಲಿಗೆ ಸೇರುತ್ತದೆ. ಅದೊಂದು ಕೆಟ್ಟರೆ ಇಡೀ ಪೂಲ್ ಹೋಯಿತು. ರೇಡ್‌ಝಡ್ ಇರುವ ಪೂಲಿನಿಂದ ಅದನ್ನು ಹೊರತೆಗೆಯಲೂ ಬರುವುದಿಲ್ಲ. ರಕ್ಷಣೆಯ ಮಟ್ಟ ಹೊಂದುತ್ತಿಲ್ಲ ಎಂದು ಝಡ್‌ಎಫ್‌ಎಸ್ ತಡೆಯುತ್ತದೆ ನಿಜ, ಆದರೆ ಜನ ‘-ಎಫ್’ ಸೇರಿಸಿ ಬಲವಂತ ಮಾಡುತ್ತಾರೆ. ಈ ಹಂತದಲ್ಲಿ ‘-ಎಫ್’ ಬೇಕು ಎಂದು ಪರದೆ ಹೇಳಿದರೆ ಕೈ ತೆಗೆದು ಸಾಲನ್ನು ಮತ್ತೆ ಓದಿ. ಚೆಕ್‌ಪಾಯಿಂಟ್ (ಇಡೀ ಪೂಲನ್ನು ಹಿಂದಿನ ಸ್ಥಿತಿಗೆ ಒಯ್ಯಲು ಇಡುವ ಗುರುತು) ಇಟ್ಟುಕೊಂಡು ವಿಸ್ತರಿಸೋಣ ಎಂದರೆ ಅದೂ ಆಗದು, ಚೆಕ್‌ಪಾಯಿಂಟ್ ಇರುವಾಗ ಅಟ್ಯಾಚ್ ಒಪ್ಪುವುದಿಲ್ಲ.

ಆರಂಭವಾದ ಮೇಲೆ ‘ಝಡ್‌ಪೂಲ್ ಸ್ಟೇಟಸ್’ ಎಷ್ಟು ಸರಿದಿದೆ, ಎಷ್ಟು ಬಾಕಿ ಎಂದು ತೋರಿಸುತ್ತದೆ. ಪೂಲ್ ಬಳಸುತ್ತಲೇ ಇರಬಹುದು, ರೀಬೂಟ್ ಆದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಡುವೆ ಡಿಸ್ಕು ಕೆಟ್ಟರೆ ಕೆಲಸ ನಿಂತು, ಅದನ್ನು ಬದಲಿಸಿ ಗುಂಪು ಸರಿಯಾದ ಮೇಲೆ ಮತ್ತೆ ಸಾಗುತ್ತದೆ; ಪ್ಯಾರಿಟಿಯ ರಕ್ಷಣೆ ಉದ್ದಕ್ಕೂ ಇರುತ್ತದೆ. ಹಿಡಿಯುವ ಸಮಯ ಡಿಸ್ಕಿನ ಗಾತ್ರದ ಮೇಲಲ್ಲ, ತುಂಬಿರುವ ಡೇಟಾದ ಮೇಲೆ: ಸೆಕೆಂಡಿಗೆ 250 ಎಂಬಿ ಸಿಕ್ಕರೆ 24 ಟಿಬಿಗೆ ಸುಮಾರು 27 ಗಂಟೆ. ಮುಗಿದೊಡನೆ ಸ್ಕ್ರಬ್ ತಾನಾಗಿಯೇ ಶುರುವಾಗುತ್ತದೆ, ಅದನ್ನು ನಿಲ್ಲಿಸಬೇಡಿ. ಒಂದು ಸಲಕ್ಕೆ ಒಂದೇ ಡಿಸ್ಕು. ರೇಡ್‌ಝಡ್1 ಹೀಗೆ ರೇಡ್‌ಝಡ್2 (ಎರಡು ಡಿಸ್ಕು ಕೆಟ್ಟರೂ ತಡೆಯುವ ಬಗೆ) ಆಗುವುದಿಲ್ಲ, ಅದು ಬೇಕೆಂದರೆ ಪೂಲ್ ಹೊಸದಾಗಿ ಕಟ್ಟಲೇಬೇಕು.

ಕ್ಯಾಬಿನೆಟ್ಟಿನಲ್ಲಿ ಜಾಗವಿಲ್ಲದವರಿಗೆ ಹಳೆಯ ದಾರಿಯೇ ಸರಿ: ಒಂದೊಂದೇ ಡಿಸ್ಕನ್ನು ದೊಡ್ಡದಕ್ಕೆ ಬದಲಿಸುವುದು. ಸಾಮಾನ್ಯವಾಗಿ ‘ಆಟೋಎಕ್ಸ್‌ಪ್ಯಾಂಡ್’ (ಜಾಗ ಸಿಕ್ಕೊಡನೆ ಪೂಲನ್ನು ತಾನಾಗಿ ಹಿಗ್ಗಿಸುವ ಆಯ್ಕೆ) ಆನ್ ಮಾಡಿಟ್ಟು ‘ಝಡ್‌ಪೂಲ್ ರೀಪ್ಲೇಸ್’ ಮಾಡುತ್ತ ಹೋಗುತ್ತಾರೆ. ಕೊನೆಯ ಡಿಸ್ಕು ಬದಲಾಗುವ ತನಕ ಒಂದು ಬೈಟೂ ಹೆಚ್ಚುವುದಿಲ್ಲ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆಯ ಡಿಸ್ಕನ್ನು ಕಿತ್ತು ಅದೇ ಕೇಬಲಿಗೆ ಹೊಸದನ್ನು ಹಾಕಿದರೆ, ತುಂಬಿ ಮುಗಿಯುವ ತನಕ ರೇಡ್‌ಝಡ್1ಕ್ಕೆ ರಕ್ಷಣೆಯೇ ಇರುವುದಿಲ್ಲ. ಒಂದು ಪೋರ್ಟ್ ಖಾಲಿ ಮಾಡಿಕೊಂಡು, ಹಳೆಯದೂ ಹೊಸದೂ ಎರಡೂ ಸಿಕ್ಕಿಸಿರುವಾಗಲೇ ಬದಲಿಸಿ. ತೆಗೆದ ಡಿಸ್ಕುಗಳನ್ನು ನಂತರದ ಸ್ಕ್ರಬ್ ಮುಗಿಯುವವರೆಗೆ ಅಳಿಸಬೇಡಿ. ಅವುಗಳಿಂದ ಹಳೆಯ ಪೂಲ್ ಎದ್ದು ಕೂರುತ್ತದೆ ಎಂದುಕೊಳ್ಳಬೇಡಿ. ಆದರೆ ಸ್ಕ್ರಬ್ ಆಗುವಾಗ ಹೊಸದೊಂದು ಕೈಕೊಟ್ಟರೆ ಅದರ ಜಾಗಕ್ಕೆ ಹಾಕಲು ಬೇಕಾಗುತ್ತವೆ, ಪೂಲಿನ ಗಾತ್ರ ಇನ್ನೂ ಹಿಗ್ಗಿರದಿದ್ದರೆ ಮಾತ್ರ. ಆದ್ದರಿಂದಲೇ ‘ಆಟೋಎಕ್ಸ್‌ಪ್ಯಾಂಡ್’ ಅನ್ನು ಆಫ್ ಇಟ್ಟು, ಕೊನೆಯ ಸ್ಕ್ರಬ್ ಶುದ್ಧವಾಗಿ ಮುಗಿದ ಮೇಲೆ ‘ಝಡ್‌ಪೂಲ್ ಆನ್‌ಲೈನ್ -ಇ’ ಕೊಟ್ಟು ಕೈಯಾರೆ ಹಿಗ್ಗಿಸುವುದು ಇನ್ನೂ ಒಳ್ಳೆಯದು.